ಹೊರಗಿದ್ದವನ ಪಾಲು

"ಅಲ್ಲಿ ನೋಡಿ ಜಮೀಲಕ್ಕ, ಕೆಂಪಕ್ಕಿ!" ವಾರಿಜಾಕ್ಷಿ ನೆರೆಮನೆಯ ಜಮೀಲಮ್ಮನ ಬುರ್ಖಾದ ತೋಳು ಹಿಡಿದು ಜಗ್ಗಿದಳು.

ಅರಬ್ಬರ ನಾಡಿನ ದಮ್ಮಾಮಿನಲ್ಲಿ ನಡೆದ ಹಳೆಗಾಲದ ಕಸುಬು, ಅಡುಗೆಗಳ ಮೇಳದಲ್ಲಿ ಅಂದು ಹೆಂಗಸರ ಸಂಜೆ. ಗಂಡಸರೆಲ್ಲ ಗೇಟಿನಾಚೆ ಕಾರುಗಳಲ್ಲಿ ಕುಳಿತು ಕಾಯುತ್ತಿದ್ದರು. ಖರ್ಜೂರದ ಗರಿಯ ಬುಟ್ಟಿ ಹೆಣೆಯುವವರನ್ನೂ ಉಣ್ಣೆ ನೂಲುವವರನ್ನೂ ವಾರಿಜಾಕ್ಷಿ ಸುಮ್ಮನೆ ದಾಟಿ ಬಂದಿದ್ದಳು. ಜಮೀಲಮ್ಮ ಎಳೆದರೆಂದು ಬಂದವಳು. ಗಂಡ ಹೋದ ಮೇಲೆ ಅವಳು ಎಲ್ಲದಕ್ಕೂ ಹಾಗೆಯೇ, ಕರೆದರೆ ಬರುತ್ತಿದ್ದಳು, ಕೂರಿಸಿದರೆ ಕೂರುತ್ತಿದ್ದಳು. ಈಗ ಮಾತ್ರ ಕಾಲು ತಾನಾಗಿ ನಿಂತಿತು. ಗರಿಯ ಚಪ್ಪರದಡಿ ಅಲ್ ಹಸಾದ ಮುದುಕಿಯೊಬ್ಬಳ ಹಂಡೆಯಲ್ಲಿ ಕೆಂಪಕ್ಕಿ ಕುದಿಯುತ್ತಿತ್ತು.

ಗಂಡ ದೇಜಪ್ಪ ದೂರದ ಖಫ್ಜಿಯಲ್ಲಿ ವೆಲ್ಡರ್ ಆಗಿದ್ದ. ವಾರಕ್ಕೊಮ್ಮೆ ಬಂದವನದು ಒಂದೇ ರಾಗ. "ಈ ಬಾಸ್ಮತಿ ನೋಡ್ಲಿಕ್ಕೆ ಚಂದ, ಹೊಟ್ಟೆಗೆ ಎಂತದೂ ಇಲ್ಲ. ಅಲ್ ಹಸಾದಲ್ಲಿ ಕೆಂಪಕ್ಕಿ ಬೆಳೀತಾರಂತೆ ಮಾರಾಯ್ತಿ, ಒಮ್ಮೆ ಹೋಗಿ ತರುವ. ಗಂಜಿ ಕಾಣದೆ ನಾಲಿಗೆ ಸತ್ತೇ ಹೋಯ್ತು." ಒಂದು ವಾರ ಅವನಿಗೆ ಓವರ್‌ಟೈಮ್, ಇನ್ನೊಂದು ವಾರ ಇವಳಿಗೆ ಆಸ್ಪತ್ರೆಯ ಡ್ಯೂಟಿ. ಕಳೆದ ಬೇಸಿಗೆಯಲ್ಲಿ ಖಫ್ಜಿಯ ರಸ್ತೆಯಲ್ಲಿ ಅವನು ಟ್ರೇಲರಿಗೆ ಸಿಕ್ಕಿ ತೀರಿಕೊಂಡ. ಇವಳನ್ನು ಕೆಲಸಕ್ಕೆ ಕರೆಸಿ ಪಾಸ್‌ಪೋರ್ಟ್ ಇಟ್ಟುಕೊಂಡ ಧಣಿ, ಕಫೀಲ್, ಆಗ ಪರದೇಶದಲ್ಲಿದ್ದ. ಪೆಟ್ಟಿಗೆ ಮಂಗಳೂರಿಗೆ ಹೋಯಿತು, ಇವಳು ಇಲ್ಲೇ ಉಳಿದಳು.

ಅವಳು ಕಲಿತ ಅರಬ್ಬಿ ಹೆರಿಗೆ ವಾರ್ಡಿನದು. ಮುಕ್ಕು, ಉಸಿರೆಳೆ, ಗಂಡು, ಹೆಣ್ಣು, ಇನ್ನೂ ಸ್ವಲ್ಪ. ಇದ್ದಷ್ಟರಲ್ಲೇ ಹಂಡೆ ತೋರಿಸಿ ಕೇಳಿದಳು. "ನೀರು... ಇನ್ನೂ ಸ್ವಲ್ಪ."

"ನೀರು ಹೆಚ್ಚಾದರೆ ಕೆಡುತ್ತದೆ ಮಗಳೇ!" ಮುದುಕಿ ಸೌಟು ಎತ್ತಿದಳು.

"ನಮ್ಮ ಊರಿನವರಿಗೆ ಕೆಟ್ಟರೇ ರುಚಿ, ನೀನು ಹಾಕು ತಾಯಿ" ಎಂದರು ಅರಬ್ಬಿ ಚೆನ್ನಾಗಿ ಬಲ್ಲ ಜಮೀಲಮ್ಮ.

ಮುದುಕಿ ನಗುತ್ತ ಸಣ್ಣ ಪಾತ್ರೆಗೆ ಒಂದಿಷ್ಟು ಅನ್ನ ತೆಗೆದು, ನೀರು ಹೊಯ್ದು ಬೇರೆಯೇ ಒಲೆಗಿಟ್ಟಳು. "ಇದು ನಾವು ಬಾಣಂತಿಯರಿಗೆ ಕೊಡುವ ಅಕ್ಕಿ. ಹೆತ್ತಿದ್ದೀಯಾ?"

"ಇಲ್ಲ."

"ಹಾಗಾದರೆ ಗಂಡನಿಗೂ ತಿನ್ನಿಸು. ಕಾರಿನಲ್ಲಿ ಕಾಯುತ್ತಿದ್ದಾನಲ್ಲ ಪಾಪ? ಬರುವ ವರ್ಷ ಮಗು ಎತ್ತಿಕೊಂಡು ಬಾ." ಒಂದು ಬಟ್ಟಲಿಗೆ ತುಂಬಿಸಿ ಇನ್ನೊಂದಕ್ಕೆ ಕೈ ಹಾಕಿದಳು.

ಜಮೀಲಮ್ಮ ಅದನ್ನು ವಾರಿಜಾಕ್ಷಿಗೆ ತಿಳಿಸಿ, ಮುದುಕಿಗೆ ನಿಜ ಹೇಳಲು ಬಾಯಿ ತೆರೆದರು. ವಾರಿಜಾಕ್ಷಿ ಅವರ ಕೈ ಒತ್ತಿ ಹಿಡಿದಳು.

"ಹೌದು, ಹೊರಗಿದ್ದಾರೆ" ಎಂದಳು ಮುದುಕಿಗೆ, ತನ್ನ ಹರಕು ಅರಬ್ಬಿಯಲ್ಲೇ. "ಒಂದೇ ಸಾಕು. ನನ್ನದು ಆಮೇಲೆ."

ಬಿಸಿ ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದು, ತಿಳಿ ತುಳುಕದ ಹಾಗೆ ಗೇಟು ದಾಟಿದಳು. ಜಮೀಲಮ್ಮನ ಗಂಡ ಹಸನ್ ಕುಂಞಿ ಡಾಟ್ಸನ್ ಕಾರಿನಲ್ಲಿ ಕ್ಯಾಸೆಟ್ ಹಾಕಿಕೊಂಡು ತೂಕಡಿಸುತ್ತಿದ್ದರು. ಪರಿಮಳಕ್ಕೆ ಎಚ್ಚರವಾಯಿತು.

"ಅಯ್ಯೋ, ಗಂಜಿಯಾ? ಈ ಮರಳುಗಾಡಿನಲ್ಲಿ? ನನಗಾ ತಂಗಿ?"

"ಅಲ್ಲ ಹಸನಾಕ. ನೀವು ಸ್ವಲ್ಪ ಇಳೀತೀರಾ?"

ಅವರು ತಬ್ಬಿಬ್ಬಾಗಿ ಇಳಿದರು. ವಾರಿಜಾಕ್ಷಿ ಹಿಂದಿನ ಸೀಟಿನಲ್ಲಿ ಬಟ್ಟಲಿಟ್ಟು, ಬಾಗಿಲು ಮೆಲ್ಲಗೆ ಮುಚ್ಚಿ, ಕಾರಿಗೆ ಬೆನ್ನು ಹಾಕಿ ನಿಂತಳು.

ಹಸನ್ ಕುಂಞಿ ಏನೋ ಕೇಳಹೊರಟವರು ತಡೆದುಕೊಂಡರು. ಊರಲ್ಲಿ, ಬಂಟ್ವಾಳದಲ್ಲಿ, ಅವರ ಬೇಲಿಯಾಚೆ ನೋಣಯನೆಂಬ ನೆರೆಯವನ ಮನೆ. ಅಲ್ಲಿ ಸತ್ತವರಿಗೆ ಎಲೆ ಬಡಿಸಿ ಬಾಗಿಲು ಹಾಕಿ ಎಲ್ಲರೂ ಅಂಗಳಕ್ಕಿಳಿದು ನಿಲ್ಲುತ್ತಿದ್ದರು. ಒಳಗಿನವರು ಉಂಡು ಏಳುವ ತನಕ ಮಾತಿಲ್ಲ. ಅವರು ಮುಂದಿನ ಬಾಗಿಲು ತೆರೆದು ಕ್ಯಾಸೆಟ್ ನಿಲ್ಲಿಸಿದರು. ಗಾಜು ಏರಿಸಿ ಬಾಗಿಲು ಮುಚ್ಚಿದರು. ವಾರಿಜಾಕ್ಷಿಯ ಹಿಂದೆಯೇ ಬಂದಿದ್ದ ಹೆಂಡತಿಯನ್ನು ಕಣ್ಣಿನಲ್ಲೇ ಹತ್ತಿರ ಕರೆದು ತಾವೂ ಬೆನ್ನು ಹಾಕಿ ನಿಂತರು.

ಪಕ್ಕದ ಕಾರಿನಿಂದ ಪರಿಚಯದ ನೂರುದ್ದೀನ್ ತಲೆ ಹೊರಹಾಕಿದ. "ಎಂತ ಹಸನಾಕ, ಮೂವರೂ ಹೊರಗೆ? ಗಾಡಿ ಕೆಟ್ಟಿತಾ?"

"ಇಲ್ಲ ಮಾರಾಯ" ಎಂದರು ಹಸನ್ ಕುಂಞಿ ದನಿ ತಗ್ಗಿಸಿ. "ಊಟ ಆಗ್ತಾ ಉಂಟು."