ಕೊನೆಯ ಗೋಡೆಯ ಪಕ್ಕ

"ಈ ಸಲ ಷೆಡ್ಡಿನೊಳಗೇ ಇಡೋಣ" ಎಂದು ವೆರ್ಲಿನ್ ಹೇಳಿದಾಗ ಅವನ ಹೆಂಡತಿ ಆರ್ಡಿಸ್‌ಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಹತ್ತೊಂಬತ್ತು ವರ್ಷಗಳಿಂದ, ಪ್ರತಿ ಅಕ್ಟೋಬರಿನಲ್ಲೂ, ಚಳಿಗಾಲಕ್ಕೆ ವಾಹನ ಇರಿಸಿಕೊಳ್ಳುವ ಈ ಜಾಗದ ಕೌಂಟರಿನ ಮುಂದೆ ಇಬ್ಬರಿಗೂ ಇದೇ ಜಗಳ. ಪ್ರವಾಸಕ್ಕೆ ಗಾಡಿಯ ಹಿಂದೆ ಎಳೆದೊಯ್ಯುವ ಟ್ರೈಲರ್ ಮನೆ ಮಿನೆಸೋಟದ ಹಿಮಕ್ಕೆ ಹಾಳಾಗುತ್ತದೆ, ಒಳಗೆ ಬೇಡವೆಂದರೆ ಚಾವಣಿಯ ಕೆಳಗಾದರೂ ಇಡು ಎಂದು ಅವಳು. ಬಯಲಲ್ಲೇ ಇರಲಿ, ಮನಸ್ಸಾದ ದಿನ ಗಾಡಿಗೆ ಸಿಕ್ಕಿಸಿಕೊಂಡು ಹೊರಟುಬಿಡಬೇಕು ಎಂದು ಅವನು.

"ಅಂತೂ ಬುದ್ಧಿ ಬಂತು ನೋಡು!" ಎಂದು ನಕ್ಕಳು. "ಡ್ವೇನ್, ಬೇಗ ಬರ್ಕೋ, ಇವನು ಮಾತು ಬದಲಾಯಿಸೋದ್ರೊಳಗೆ."

ಷೆಡ್ಡಿನ ಯಜಮಾನ ಡ್ವೇನ್ ಪೆನ್ನು ತೆಗೆದ. "ಒಳಗಾದ್ರೆ ಒಂದರ ಹಿಂದೆ ಒಂದು ಒತ್ತಿ ನಿಲ್ಲಿಸ್ತೀವಿ. ಮೊದಲು ಹೊರಡೋರದ್ದು ಬಾಗಿಲ ಹತ್ರ. ನೀವಂತೂ ಯಾವಾಗ್ಲೂ ಎಲ್ರಿಗಿಂತ ಮುಂಚೆ. ಹೊರಡೋ ತಿಂಗಳು ಏಪ್ರಿಲ್ ಅಂತ ಹಾಕ್ಲಾ?"

ವೆರ್ಲಿನ್ ಗೊಂಚಲಿನಿಂದ ಟ್ರೈಲರಿನ ಕೀಲಿಯನ್ನು ಬಿಡಿಸುತ್ತಿದ್ದ. ಗೊಂಚಲಿನ ಬಿಗಿಯಾದ ರಿಂಗಿನಲ್ಲಿ ಅವನ ಉಗುರು ಮತ್ತೆ ಮತ್ತೆ ಜಾರುತ್ತಿತ್ತು. ಇಷ್ಟು ವರ್ಷದಲ್ಲಿ ಆ ಕೀಲಿ ಒಮ್ಮೆಯೂ ಗೊಂಚಲು ಬಿಟ್ಟದ್ದಿಲ್ಲ.

"ತಿಂಗಳೇನೂ ಬರೀಬೇಡಪ್ಪ. ಕೊನೇ ಗೋಡೆ ಪಕ್ಕ ನಿಲ್ಲಿಸಿಬಿಡು. ಹೊರಡೋರಿಗೆ ನಮ್ದು ಅಡ್ಡ ಆಗೋದು ಬೇಡ" ಎನ್ನುತ್ತ ಕೀಲಿಯನ್ನು ಕೌಂಟರಿನ ಮೇಲಿಟ್ಟ.

ಆರ್ಡಿಸ್‌ಳ ನಗು ಅಲ್ಲೇ ನಿಂತಿತು. ಮಂಗಳವಾರ ಅವನು ಒಬ್ಬನೇ ಆಸ್ಪತ್ರೆಗೆ ಹೋಗಿ ಬಂದಿದ್ದ. ಎಲ್ಲ ಸರಿಯಾಗಿದೆಯಂತೆ ಎಂದವನು ಒಂದು ಬಟ್ಟಲು ಸೂಪು ಕುಡಿದು ಮಲಗಿಬಿಟ್ಟಿದ್ದ. ಡ್ವೇನ್ ಕೈ ಚಾಚುವ ಮೊದಲೇ ಅವಳು ಕೀಲಿಯ ಮೇಲೆ ಅಂಗೈ ಮುಚ್ಚಿದಳು.

"ವೆರ್ಲ್, ಡಾಕ್ಟರು ನಿಜವಾಗ್ಲೂ ಏನಂದ್ರು?"