ನೆಲ ಮುಟ್ಟಿದ ನೀರು

“ಆಕಾಶದಿಂದ ನೇರ ಬಿದ್ದ ನೀರಾದ್ರೆ ದುಡ್ಡು ಬರುತ್ತೆ, ವರ್ಡಿ ಅತ್ತೆ. ನೆಲ ಮುಟ್ಟಿ ಬಂದಿದ್ದು ಪ್ರವಾಹ, ಅದಕ್ಕೆ ವಿಮೆ ಬೇರೆ. ಇಡೀ ಕೆಂಟಕಿ ರಾಜ್ಯಕ್ಕೇ ಇದೇ ನಿಯಮ,” ಎಂದ ವಿಮೆ ಏಜೆಂಟ್ ಕ್ಲೈಡ್, ತೊರೆ ನುಗ್ಗಿಹೋದ ಅವಳ ಅಡುಗೆಮನೆಯ ಕೆಸರಿನಲ್ಲಿ ನಿಂತು.

ವರ್ಡಿ ಸಲಿಕೆ ಕೆಳಗಿಟ್ಟಳು. “ನೆಲ ಮುಟ್ಟದೆ ಬರೋಕೆ ತೊರೆಗೇನು ರೆಕ್ಕೆ ಇದ್ಯಾ? ಆ ಬೇರೆ ವಿಮೇನೂ ಮಾಡ್ಸು ಅಂತ ನಾನು ನಿನ್ನ ಕೇಳಿರ್ಲಿಲ್ವೇನೋ?”

“ಕೌಂಟಿ ಕಚೇರಿ ನಕ್ಷೇಲಿ ಪ್ರವಾಹ ಬರೋ ಜಾಗಕ್ಕೆ ಬಳಿದ ನೀಲಿ ಬಣ್ಣ ರಸ್ತೆಯಾಚೆಗೇ ನಿಂತಿತ್ತು, ಅತ್ತೆ…”

“ಅದನ್ನ ತೊರೆಗೆ ತೋರ್ಸಿದ್ಯಾ? ನನ್ನ ಸೇಬಿನ ಪೈ ತಿಂದು, ಬಾಯಿ ಒರೆಸ್ಕೊಂಡು, ‘ನಿಮಗ್ಯಾಕತ್ತೆ ಅದು, ದುಡ್ಡು ದಂಡ’ ಅಂದೋನು ನೀನೇ ತಾನೆ?”

ಅಂದು ಕ್ಲೈಡ್ ಕೂತಿದ್ದ ಕುರ್ಚಿಯನ್ನೇ ವರ್ಡಿ ದರದರ ಎಳೆದು ಅವನ ಮುಂದಿಟ್ಟಳು. ಅದರಲ್ಲಿ ಕೆಸರು ಅವನಿಗಿಂತ ಮೊದಲೇ ಕೂತಿತ್ತು.

“ಕೂತ್ಕೊ. ಕೂತು ಇನ್ನೊಂದ್ಸಲ ಹೇಳು.”