ಸಿಟ್ಟ ಬಿಡ್ರಿ, ಬರ್ರಿ

ಮತ್ತೆ ಟಣ್ ಎಂದಿತು. ಸೋನಾಲಿ ಹಲ್ಲು ಕಚ್ಚಿದಳು. ಒಂದು ಸಾಲು ಬರೆಯಲು ಕೂತರೆ ಸಾಕು, ಕಂಪ್ಯೂಟರಿನ ಮೂಲೆಯಲ್ಲಿ ಏನಾದರೊಂದು ಇಣುಕುತ್ತಿತ್ತು. ವೈರಸ್ ಹುಡುಕಲೇ? ಹೊಸ ಆವೃತ್ತಿ ಹಾಕಲೇ? ಯಾರದೋ ಹುಟ್ಟುಹಬ್ಬ, ಶುಭ ಕೋರಿ! ಮಾನ ಮರ್ಯಾದೆ ಇಲ್ಲದವು, ಹೇಳದೆ ಕೇಳದೆ ಒಳಗೆ ನುಗ್ಗುತ್ತವೆ.

ಈ ಸಲ ಬಂದದ್ದು ಗಂಡ ಹಾಲೇಶನ ವಾಟ್ಸಾಪ್. 'ಒಂದ ಮಾತ ಆಡ.'

ಅವನು ತೆಲಸಂಗದಲ್ಲಿ, ಕುರಿಗಳ ಹಿಂದೆ. ಇವಳು ನಿಪ್ಪಾಣಿಯಲ್ಲಿ, ಈ ಕಚೇರಿಯಲ್ಲಿ. ಕುರಿ ಬಿಟ್ಟು ಬರಲಾರೆ ಎಂದು ಅವನು, ಕೆಲಸ ಬಿಟ್ಟು ಬರಲಾರೆ ಎಂದು ಇವಳು. ಬರುವ ಸೋಮವಾರ ಹಿರಿಯರು ಕೂತು, ಸೋಡಚೀಟಿ ಬರೆಸಿ, ಸಂಸಾರ ಮುರಿಯುವವರಿದ್ದರು.

ಸೋನಾಲಿ ಸೆಟ್ಟಿಂಗ್ಸ್ ತೆರೆದು ಒಂದೊಂದರ ಬಾಯಿಯನ್ನೂ ಮುಚ್ಚಿಸಿದಳು. ಕಡೆಗೆ ಹಾಲೇಶನದನ್ನೂ, ಫೋನಿನಲ್ಲೂ. ಎಂಥ ನೆಮ್ಮದಿ! ಆಮೇಲೆ ಬರೆದಳು, ಅಳಿಸಿದಳು, ಮತ್ತೆ ಬರೆದಳು.

'ಸಿಟ್ಟ ಬಿಡ್ರಿ. ನೀವಿಲ್ಲದ ಏನೂ ಚಂದ ಕಾಣವಲ್ದು. ದಾರಿ ನೋಡಾಕತ್ತೇನಿ, ಬರ್ರಿ.'

ಪಕ್ಕದ ಮೇಜಿನ ಸಾರಿಕಾ ಬಗ್ಗಿ ಓದಿದಳು. ಅವಳ ಕಣ್ಣು ತೇವವಾಯಿತು. "ಇಷ್ಟ ಕರದ್ರ ಕಲ್ಲೂ ಎದ್ದ ಬರ್ತೈತಿ ಬಿಡವಾ."

"ಬಂದ್ರ ಛಲೋ, ಇಲ್ಲಂದ್ರ ಅವರ ಇಷ್ಟ," ಎಂದು ಸೋನಾಲಿ ಕಳಿಸುವ ಗುಂಡಿ ಒತ್ತಿದಳು.

ಮೂರನೆಯ ದಿನ ಹಾಲೇಶ ಕಚೇರಿಯ ಬಾಗಿಲಲ್ಲಿ ನಿಂತಿದ್ದ. ಗಡ್ಡ ತೆಗೆಸಿದ್ದ, ಇಸ್ತ್ರಿ ಅಂಗಿ ತೊಟ್ಟಿದ್ದ. ಹೆಗಲ ಮೇಲೆ ಕಂಬಳಿ ಇರಲಿಲ್ಲ.

"ನೀವ್ಯಾಕ ಬಂದ್ರಿ?"

"ನೀ ಕರದಿ, ಬಂದೆ." ಫೋನು ತೋರಿಸಿದ. ಅದೇ ಸಾಲು. "ನಂಬರ ಹೊಸಾದು. ಕೆಳಗ ಇಂಗ್ಲೀಷಿನ್ಯಾಗ ಏನೋ ಐತಿ, ಅದ ನನಗ ತಿಳೀಲಿಲ್ಲ. ಆದ್ರ ಮಾತ ನಿಂದ ಅಂತ ಗುರ್ತ ಹಿಡದೆ."

"ಕುರಿ?"

"ಮಾರಿದೆ. ಇನ್ನ ಇಲ್ಲೇ ಇರೂಣು. ಮಾರೂ ಮುಂದ ನಿನ್ನ ಹಳೇ ನಂಬರಿಗಿ ಕೇಳಿದ್ನಲ್ಲಾ, ಮಾರ್ಲೇನು ಅಂತ. ನೀ ಬ್ಯಾಡ ಅನ್ಲಿಲ್ಲ." ಅವನು ನಕ್ಕ. ಮದುವೆಯಾದಾಗಿನಿಂದ ಅವನು ಹಾಗೆ ನಕ್ಕಿದ್ದನ್ನು ಅವಳು ನೋಡಿರಲಿಲ್ಲ.

ಸೋನಾಲಿ ಫೋನು ತೆರೆದು ನೋಡಿದಳು, ಬಾಯಿ ಮುಚ್ಚಿಸಿದ್ದ ಅವನ ವಾಟ್ಸಾಪಿನಲ್ಲಿ ಆ ಪ್ರಶ್ನೆ ಓದದೆ ಬಿದ್ದಿತ್ತು. ಅವನ ಮೇಲೆ ಸಿಟ್ಟು ಬಂತು. ಇಷ್ಟು ಬೇಗ ನಂಬುವುದೇ?

ಆ ಸಾಲನ್ನು ಅವಳು ಬರೆದದ್ದು ಒಂದು ಸೀರೆ ಅಂಗಡಿಯ ಜಾಹೀರಾತಿಗೆ. ಒಮ್ಮೆ ಕೊಂಡು ಮತ್ತೆ ಆ ಕಡೆ ಸುಳಿಯದ ಸಾವಿರಾರು ಗಿರಾಕಿಗಳಿಗೆ ಕಂಪ್ಯೂಟರು ಅದನ್ನು ಕಳಿಸಿತ್ತು, ಹೋದ ಯುಗಾದಿಗೆ ಅವಳಿಗೆಂದು ಒಂದೇ ಒಂದು ಸೀರೆ ಕೊಂಡಿದ್ದ ಹಾಲೇಶನಿಗೂ.